ಕಸ ಬೇಡ ಅನ್ನುವ ಹಕ್ಕು: ಕೊಥ್ರೂಡಿನ ಒಂದು ಸೊಸೈಟಿಯ ಪ್ರಕರಣ

ಪುಣೆಯ ಕೊಥ್ರೂಡಿನಲ್ಲಿ ನಾವಿರುವ ಸೊಸೈಟಿಯಲ್ಲಿ ಒಂದೂವರೆ ನೂರರ ಹತ್ತಿರ ಮನೆಗಳಿವೆ. ಮರಾಠಿಯವರೇ ಜಾಸ್ತಿ. ಧಾರವಾಡ, ಬೆಳಗಾವಿ, ವಿಜಯಪುರ ಕಡೆಯಿಂದ ಬಂದು ನೆಲೆಸಿದ ಕನ್ನಡದ ಮನೆಗಳೂ ಸಾಕಷ್ಟಿವೆ. ಮೊದಲು ಬೆರಳೆಣಿಕೆಯ ಮನೆಗಳವರು ಮಾತ್ರ ಹಸಿ ಕಸ ಬೇರೆ ಮಾಡಿ ಕೊಡುತ್ತಿದ್ದರು. ಈಗ ಹೆಚ್ಚುಕಡಿಮೆ ಎಲ್ಲ ಮನೆಯವರೂ ಕೊಡುತ್ತಾರೆ, ಪಕ್ಕದ ಎರಡು ಸಣ್ಣ ಕಟ್ಟಡದವರೂ ಕೊಡುತ್ತಾರೆ, ಅದೆಲ್ಲ ನಮ್ಮ ಕಾಂಪೌಂಡಿನೊಳಗೇ ಗೊಬ್ಬರವಾಗುತ್ತಿದೆ. ಇದು ಹೇಗಾಯಿತು, ಎಲ್ಲಿ ಕೆಟ್ಟಿತು, ಇನ್ನೂ ಏನೇನು ಸರಿಹೋಗಿಲ್ಲ ಅನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ ಕೇಳುವವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದರೆ ಪ್ರಯೋಜನವಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹಸಿ ಕಸದ ವಿಷಯ ಬಂದರೆ ಎಲ್ಲರೂ ಡಬ್ಬಿ, ಯಂತ್ರ, ಪೋಸ್ಟರ್ ಅಂತ ಮಾತಾಡುತ್ತಾರೆ. ಅದೆಲ್ಲ ನಮ್ಮಲ್ಲೂ ಇತ್ತು, ವರ್ಷಗಟ್ಟಲೆ ಇತ್ತು, ಏನೂ ಆಗಲಿಲ್ಲ. ಬಾಗಿಲಲ್ಲಿ ನಿಂತು ಕಸ ತೆಗೆದುಕೊಳ್ಳುವ ಅಕ್ಕನಿಗೆ "ಇದು ಬೇಡ" ಅನ್ನುವ ಹಕ್ಕು ಸಿಕ್ಕ ಮೇಲೆ ಕೆಲಸ ಹಿಡಿಯಿತು. ಆ ಹಕ್ಕು ಸುಮ್ನೆ ಬಾಯಿಮಾತಿನಲ್ಲಿ ಬರಲಿಲ್ಲ, ಅದನ್ನು ಹೇಗೆ ಗಟ್ಟಿ ಮಾಡಬೇಕಾಯಿತು ಅನ್ನುವುದೇ ಈ ಪ್ರಕರಣದ ಮುಖ್ಯ ಭಾಗ.

ಕಸ ಎಲ್ಲಿಗೆ ಹೋಗುತ್ತಿತ್ತು

ವನಾಜ್ ಹತ್ತಿರ ಈಗ ಮೆಟ್ರೊ ರೈಲುಗಳು ನಿಲ್ಲುವ ಡಿಪೊ ಇದೆಯಲ್ಲ, ಆ ಜಾಗ ಹಿಂದೆ ಊರಿನ ಕಚರಾ ಡಿಪೊ, ಅಂದರೆ ಕಸ ಸುರಿಯುವ ಜಾಗ. ಕೊಥ್ರೂಡಿನಲ್ಲಿ ಮನೆಗಳು ಎದ್ದವು, ಕಸ ಇಲ್ಲಿಂದ ಎದ್ದು 1990ರ ದಶಕದಲ್ಲಿ ಸಾಸವಡ ರಸ್ತೆಯ ಉರುಳಿ ದೇವಾಚಿ ಮತ್ತು ಫುರಸುಂಗಿಗೆ ಹೋಯಿತು. ಅಂದರೆ ನಮ್ಮ ಮೂಗಿನ ಕಷ್ಟ ಇನ್ನೊಬ್ಬರ ಊರಿಗೆ ಹೋಯಿತು, ಅಷ್ಟೇ. ಆ ಊರುಗಳವರ ಬಾವಿ ನೀರು ಕೆಟ್ಟಿತು. ಅವರು ಲಾರಿ ತಡೆದರು, ಮಾತುಕತೆ ಆಯಿತು, ಭರವಸೆ ಸಿಕ್ಕಿತು, ಮತ್ತೆ ಲಾರಿ ಬಂತು, ಮತ್ತೆ ತಡೆದರು. 2017ರ ಏಪ್ರಿಲ್‌ನಲ್ಲಿ ಅಲ್ಲಿನ ಕಸದ ಡಿಪೊಗೆ ಬೆಂಕಿ ಬಿದ್ದಾಗ ಸುಮಾರು ಮೂರು ವಾರ ಅಲ್ಲಿಗೆ ಒಂದು ಲಾರಿಯನ್ನೂ ಬಿಡಲಿಲ್ಲ. ಪುಣೆಯ ಮೂಲೆಮೂಲೆಯಲ್ಲಿ ಕಸದ ರಾಶಿ ಬಿತ್ತು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಕಸ ಸುರಿದ ಮಂಡೂರು, ಮಾವಳ್ಳಿಪುರದ ಹೆಸರು ಅಂದರೆ ಸಾಕು.

ಡಿಪೊದ ಆ ಕಸದ ಗುಡ್ಡೆಯಲ್ಲಿ ನಿಜವಾಗಿ ಕಾಟ ಕೊಡುವುದು ಯಾವುದು? ಪ್ಲಾಸ್ಟಿಕ್ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಬೈಯುತ್ತಾರೆ. ಆದರೆ ನಮ್ಮ ಮನೆಗಳ ಕಸದಲ್ಲಿ ತೂಕದ ಲೆಕ್ಕದಲ್ಲಿ ಅರ್ಧದಷ್ಟು ಹಸಿ ಕಸವೇ. ಅದು ಬೇರೆ ಕಸದ ಕೆಳಗೆ, ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಗುಡ್ಡೆಗೆ ಬೆಂಕಿ ಹತ್ತಿದರೆ ಬೇಗ ಆರದೆ ಒಳಗೊಳಗೇ ಉರಿಯುವುದಕ್ಕೂ ಇದೇ ಅನಿಲ ಒಂದು ಕಾರಣ. ಹಸಿ ಕಸದಿಂದ ಇಳಿಯುವ ಕಪ್ಪು ನೀರು ಹಾದಿಯಲ್ಲಿ ಸಿಕ್ಕ ವಿಷವನ್ನೆಲ್ಲ ಹೊತ್ತುಕೊಂಡು ನೆಲಕ್ಕೆ ಇಳಿಯುತ್ತದೆ. ಬಾವಿ ಕೆಡುವುದು ಹೀಗೆ. ಅದೇ ಹಸಿ ಕಸ ಬೇರೆಯಾಗಿ ಬಂದು, ಗಾಳಿ ಆಡುವ ಜಾಗದಲ್ಲಿ ಒಣ ಎಲೆಯ ಜೊತೆ ಕಳಿತರೆ ಒಳ್ಳೆಯ ಗೊಬ್ಬರ.

ಇದರ ಜೊತೆ ಇನ್ನೊಂದು ಹಾನಿ ಇದೆ, ಅದನ್ನು ಜನ ಗಮನಿಸುವುದೇ ಇಲ್ಲ. ಸಾರು, ಮೊಸರನ್ನ ಮೆತ್ತಿದ ಕಾಗದ, ರಟ್ಟು, ಪ್ಲಾಸ್ಟಿಕ್ ಯಾವ ಗುಜರಿ ಅಂಗಡಿಯವರಿಗೂ ಬೇಡ. ಹಸಿ ಕಸ ಬೆರೆತ ಕೂಡಲೇ ಒಣ ಕಸವೂ ಹಾಳು, ಅದೂ ಗುಡ್ಡೆಗೇ. ಹಸಿ ಕಸ ಎತ್ತಿಟ್ಟರೆ ಒಂದೇ ಏಟಿಗೆ ಎರಡೂ ಉಳಿಯುತ್ತವೆ.

ಬಾಗಿಲಿಗೆ ಬರುವವರು

ಈ ಊರಲ್ಲಿ ಕಸ ಆಯುವವರು ಬಹಳ ಹಿಂದೆಯೇ ಸಂಘಟಿತರಾದರು. 1993ರಲ್ಲಿ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಅನ್ನುವ ಅವರ ಯೂನಿಯನ್ ಹುಟ್ಟಿತು. ಅದರಿಂದ 'ಸ್ವಚ್ಛ್' ಅನ್ನುವ ಸಹಕಾರ ಸಂಘ ಬಂತು. 2008ರಲ್ಲಿ ಪುಣೆ ಮಹಾನಗರಪಾಲಿಕೆ ಅದರ ಜೊತೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಎತ್ತುವ ಕೆಲಸ ವಹಿಸಿತು. ಅವರು ಪಾಲಿಕೆಯ ಸಂಬಳದ ನೌಕರರಲ್ಲ, ಗುತ್ತಿಗೆದಾರರ ಆಳುಗಳೂ ಅಲ್ಲ. ಮನೆಯವರು ತಿಂಗಳಿಗೆ ಇಷ್ಟು ಅಂತ ಕೊಡುವ ಹಣ ಅವರದು, ಆಯ್ದ ಒಣ ಕಸ ಮಾರಿ ಬಂದದ್ದೂ ಅವರದು. ಗುಡ್ಡೆಯ ಮೇಲೆ ಬಗ್ಗಿ ಕಸ ಆಯುತ್ತಿದ್ದ ಹೆಣ್ಣುಮಕ್ಕಳು ಅದೇ ಕೆಲಸವನ್ನು ಹಕ್ಕಿನಿಂದ ಮನೆ ಬಾಗಿಲಲ್ಲಿ ಮಾಡುವಂತಾದದ್ದು ಸಣ್ಣ ವಿಷಯ ಅಲ್ಲ.

ನಮ್ಮ ಸೊಸೈಟಿಗೆ ಬರುವ ಅಕ್ಕ ಯಾದಗಿರಿ ಕಡೆಯವರು. ಮರಾಠಿ ನಮಗಿಂತ ಚೆನ್ನಾಗಿ ಬರುತ್ತದೆ. ಕನ್ನಡದ ಮನೆಗಳ ಬಾಗಿಲಲ್ಲಿ ಮಾತ್ರ ತಮ್ಮ ಊರಿನ ಮಾತು ಆಡುತ್ತಾರೆ. ಅವರೂ ಅವರ ನಾದಿನಿಯೂ ಸೇರಿ ಮೂರೂ ವಿಂಗ್ ನೋಡಿಕೊಳ್ಳುತ್ತಾರೆ.

2016ರಲ್ಲಿ ಘನತ್ಯಾಜ್ಯದ ಹೊಸ ನಿಯಮ ಬಂತು. ಅದರ ಪ್ರಕಾರ ಮನೆಯಲ್ಲೇ ಹಸಿ, ಒಣ, ಅಪಾಯದ ಕಸ ಮೂರನ್ನೂ ಬೇರೆ ಇಡಬೇಕಿತ್ತು. ದಿನಕ್ಕೆ ಸರಾಸರಿ 100 ಕಿಲೊಗಿಂತ ಜಾಸ್ತಿ ಕಸ ಆಗುವ ಕಡೆಯವರು ದೊಡ್ಡ ಉತ್ಪಾದಕರು ಅಂತ ಲೆಕ್ಕವಿತ್ತು. 5,000 ಚದರ ಮೀಟರಿಗಿಂತ ದೊಡ್ಡ ಗೇಟೆಡ್ ವಸತಿಗಳವರು ಹಸಿ ಕಸವನ್ನು ಆದಷ್ಟು ಆವರಣದಲ್ಲೇ ಸಂಸ್ಕರಿಸಬೇಕಿತ್ತು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಕಿಲೊ ಹತ್ತಿರ ಹಸಿ ಕಸ ಅಂತ ಹಿಡಿದರೂ ಒಂದೂವರೆ ನೂರು ಮನೆಗೆ ಲೆಕ್ಕ ನೀವೇ ಹಾಕಿ. ಸೊಸೈಟಿಗೆ ನೋಟಿಸ್ ಬಂತು. ಆಗಿನ ಕಮಿಟಿಯವರು ಯಂತ್ರ ಕೊಳ್ಳುವುದು ಅಂತ ತೀರ್ಮಾನ ಮಾಡಿದರು.

ಯಂತ್ರದ ಪ್ರಸಂಗ

ಮಾರಿದ ಕಂಪನಿಯ ಹೆಸರು ಇಲ್ಲಿ ಬೇಡ. ಇದು ಒಂದೇ ಕಂಪನಿಯ ದೋಷವಲ್ಲ, ಆ ಬಗೆಯ ಯಂತ್ರದ್ದೇ ದೋಷ. 24 ಗಂಟೆಯಲ್ಲಿ ಗೊಬ್ಬರ ಅಂತ ಮಾರುತ್ತಾರೆ. ಒಳಗೆ ಹೀಟರ್ ಇರುತ್ತದೆ, ಕತ್ತರಿಸುವ ಬ್ಲೇಡ್ ಇರುತ್ತದೆ. ಬೆಳಿಗ್ಗೆ ಹಾಕಿದ್ದು ಮರುದಿನ ಕಂದು ಪುಡಿಯಾಗಿ ಬರುತ್ತದೆ. ನೋಡಿದರೆ ಗೊಬ್ಬರದ ಹಾಗೇ ಕಾಣುತ್ತದೆ. ಅದು ಗೊಬ್ಬರ ಅಲ್ಲ, ಒಣಗಿಸಿ ಪುಡಿ ಮಾಡಿದ ಕಸ. ಸೂಕ್ಷ್ಮಜೀವಿಗಳು ತಿಂದು ಕಳಿಸುವ ಕೆಲಸ ಆಗಿರುವುದೇ ಇಲ್ಲ, ಅದಕ್ಕೆ ವಾರಗಳು ಬೇಕು. ನಮ್ಮ ಮಾಳಿ ಆ ಪುಡಿಯನ್ನು ಗುಲಾಬಿ ಗಿಡಗಳಿಗೆ ಹಾಕಿ ನೀರು ಬಿಟ್ಟ. ನೀರು ತಾಗಿದ ಕೂಡಲೇ ಅದು ಮತ್ತೆ ಕೊಳೆಯಲು ಶುರುವಾಯಿತು, ಬಿಳಿ ಬೂಷ್ಟು ಬಂತು, ಗಿಡದ ಬುಡ ಬಿಸಿಯಾಗಿ ಎಲೆ ಉದುರಿದವು. ಕರೆಂಟ್ ಬಿಲ್ ನೋಡಿ ಖಜಾಂಚಿ ಕಾಕಾ ತಲೆ ಹಿಡಿದುಕೊಂಡರು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಯಂತ್ರ ಎಲ್ಲವನ್ನೂ ತಿನ್ನುತ್ತದೆ ಅನ್ನುವ ಭಾವನೆ ಬಂದು, ಅಲ್ಪಸ್ವಲ್ಪ ಬೇರೆ ಮಾಡುತ್ತಿದ್ದವರೂ ಬಿಟ್ಟರು. ಬ್ಲೇಡಿಗೆ ಸ್ಟೀಲ್ ಚಮಚ ಸಿಕ್ಕಿತು. ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿತು. ರಿಪೇರಿಯವರು ಬರುವ ತನಕ ಕಸ ಮತ್ತೆ ಬೆರಕೆಯಾಗಿ ಲಾರಿಗೆ. ಕೊನೆಗೆ ಅದರ ಮೇಲೆ ತಾಡಪಾಲು ಹೊದಿಸಿ ಬಿಟ್ಟರು. ಪುಣೆಯಲ್ಲಿ ಸೊಸೈಟಿ ಸೊಸೈಟಿಗಳಲ್ಲಿ ಹೀಗೆ ತಾಡಪಾಲು ಹೊದ್ದ ಯಂತ್ರಗಳನ್ನು ನಾನು ನೋಡಿದ್ದೇನೆ. ಒಂದೊಂದು ನೋಡಿದಾಗಲೂ ಹೊಟ್ಟೆ ಉರಿಯುತ್ತದೆ. ಆ ದುಡ್ಡಿನಲ್ಲಿ ಇಬ್ಬರಿಗೆ ವರ್ಷಗಟ್ಟಲೆ ಮರ್ಯಾದೆಯ ಸಂಬಳ ಕೊಡಬಹುದಿತ್ತು.

ಹೊಸ ಕಮಿಟಿಯಲ್ಲಿ ನಾನೂ ಇದ್ದೆ. ಕಾಂಪೌಂಡಿನ ಹಿಂದೆ, ನೆರಳಿರುವ ಕಡೆ, ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಸಾಲಾಗಿ ತೊಟ್ಟಿ ಕಟ್ಟಿಸಿದೆವು. ಒಂದು ತುಂಬುವ ಹೊತ್ತಿಗೆ ಇನ್ನೊಂದು ಕಳಿಯುತ್ತಿರುತ್ತದೆ, ಮತ್ತೊಂದು ಖಾಲಿ ಮಾಡಲು ಸಿದ್ಧವಾಗಿರುತ್ತದೆ. ತೊಟ್ಟಿಯ ಕೆಲಸ ಯಾರು ಮಾಡುತ್ತಾರೆ ಅನ್ನುವ ಪ್ರಶ್ನೆ ಬಂದಾಗ, ಅಕ್ಕನಿಗೇ ಹೇಳಿದರಾಯಿತು, ಅವರು ದಿನಾ ಬರುತ್ತಾರಲ್ಲ ಅಂತ ಸಭೆಯಲ್ಲಿ ಕೆಲವರು ಅಂದರು. ಅಕ್ಕ ಒಪ್ಪಲಿಲ್ಲ. ಬಾಗಿಲಿನ ಕೆಲಸ ಬೇರೆ, ತೊಟ್ಟಿಯ ಕೆಲಸ ಬೇರೆ, ಎರಡನೆಯದಕ್ಕೆ ಬೇರೆ ಹಣ ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ದಿನಾ ಅಷ್ಟು ತೂಕ ಎತ್ತಿ, ಎಲೆ ಬೆರೆಸಿ, ವಾರಕ್ಕೊಮ್ಮೆ ರಾಶಿ ತಿರುವಿ ಹಾಕುವುದು ಬೆನ್ನು ಮುರಿಯುವ ಕೆಲಸ. ಆ ಕೆಲಸಕ್ಕೆ ನಾದಿನಿಯನ್ನು ಬೇರೆ ಸಂಬಳಕ್ಕೆ ಹಿಡಿದೆವು.

ಬಕೆಟ್ಟಿನಲ್ಲಿ ಏನಿರುತ್ತಿತ್ತು

ತೊಟ್ಟಿ ಸಿದ್ಧವಾಯಿತು, ಕಸ ಸಿದ್ಧವಿರಲಿಲ್ಲ. ಶುರುವಿನಲ್ಲಿ ಕೆಲವು ಬೆಳಿಗ್ಗೆ ನಾನು ತೊಟ್ಟಿಯ ಹತ್ತಿರ ನಿಂತು ನೋಡಿದೆ. ಹಸಿ ಅಂತ ಕೊಟ್ಟ ಬಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್, ಊದಿನಕಡ್ಡಿಯ ಪ್ಲಾಸ್ಟಿಕ್ ಕವರು, ಗಡ್ಡ ಬೋಳಿಸಿದ ಬ್ಲೇಡು, ಮಾತ್ರೆಯ ಪಟ್ಟಿ, ಹಾಲಿನ ಚೀಲದಲ್ಲಿ ಸುತ್ತಿದ ಸ್ಯಾನಿಟರಿ ಪ್ಯಾಡು. ಕೈಯಿಂದಲೇ ತೆಗೆಯಬೇಕು. ಕೈಗವಸು ಕೊಟ್ಟಿದ್ದೆವು. ಗವಸಿನಲ್ಲಿ ಸಣ್ಣದು ಹಿಡಿತಕ್ಕೆ ಸಿಗುವುದಿಲ್ಲ ಅಂತ ಅಕ್ಕ ಅದನ್ನು ಬಿಚ್ಚಿಡುತ್ತಿದ್ದರು.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಹಾಲಿನ ಚೀಲದ ಮೂಲೆಯ ತುಂಡು. ಚೀಲ ಕತ್ತರಿಸುವಾಗ ನಾವು ಮೂಲೆಯನ್ನು ಪೂರ್ತಿ ಕತ್ತರಿಸುತ್ತೇವೆ, ಉಗುರಿನಷ್ಟು ಗಾತ್ರದ ತ್ರಿಕೋನ ಕಟ್ಟೆಯ ಮೇಲೆ ಬೀಳುತ್ತದೆ, ತರಕಾರಿ ಸಿಪ್ಪೆಯ ಜೊತೆ ಅದೂ ಒರೆಸಿಕೊಂಡು ಹೋಗುತ್ತದೆ. ಆಮೇಲೆ ಅದು ಸಿಗುವುದು ಗೊಬ್ಬರ ಜರಡಿ ಹಿಡಿಯುವಾಗಲೇ. ಕೆಲವು ಜರಡಿಯಲ್ಲೂ ಇಳಿದುಹೋಗುತ್ತವೆ. ಇದಕ್ಕೆ ಪರಿಹಾರ ಬಹಳ ಸುಲಭ. ಮೂಲೆಯನ್ನು ಪೂರ್ತಿ ಕತ್ತರಿಸದೆ, ತುಂಡು ಚೀಲಕ್ಕೇ ಅಂಟಿಕೊಂಡಿರುವ ಹಾಗೆ ಸೀಳಿದರಾಯಿತು. ಇದನ್ನು ಮನೆಮನೆಗೆ ಹೋಗಿ ಕತ್ತರಿ ಹಿಡಿದು ತೋರಿಸಿಕೊಟ್ಟೆವು. ಪೋಸ್ಟರ್ ಹಚ್ಚಿದಾಗ ಒಬ್ಬರೂ ಬದಲಾಗಿರಲಿಲ್ಲ.

"ಬೇಡ" ಗಟ್ಟಿಯಾದದ್ದು

ಅಕ್ಕ ಮೊದಲಿನಿಂದಲೂ ಬೆರಕೆ ಕಸ ಕಂಡರೆ ಹೇಳುತ್ತಿದ್ದರು. ಹೇಳುವುದು ಬೇರೆ, ತೆಗೆದುಕೊಳ್ಳದೆ ಹೋಗುವುದು ಬೇರೆ. ತೆಗೆದುಕೊಳ್ಳದೆ ಹೋಗಲು ಅವರಿಗೆ ಆಗುತ್ತಿರಲಿಲ್ಲ. ಯಾಕೆ ಅಂತ ಒಮ್ಮೆ ಕೂತು ಕೇಳಿದಾಗ ಅವರು ನೇರ ಹೇಳಿದರು: "ಅಕ್ಕೋರೆ, ನಾ ಬ್ಯಾಡ ಅಂದ್ರ ಅವ್ರು ತಿಂಗಳಾ ರೊಕ್ಕ ಕೊಡಂಗಿಲ್ರಿ. ರೊಕ್ಕ ಅವ್ರ ಕೈಯಾಗ ಐತಿ, ನಾ ಹ್ಯಾಂಗ ಬ್ಯಾಡ ಅನ್ಲಿ?"

ಇಡೀ ಸಮಸ್ಯೆಯ ಗಂಟು ಇಲ್ಲೇ ಇತ್ತು. ಯಾರ ಕಸವನ್ನು ಅಕ್ಕ ಬೇಡ ಅನ್ನಬೇಕೋ ಅವರೇ ಅಕ್ಕನ ಹಣ ಕೊಡುವವರು. ಸಿಟ್ಟು ಬಂದರೆ ಮುಂದಿನ ತಿಂಗಳು ಬಾ ಅನ್ನುತ್ತಾರೆ, ಮುಂದಿನ ತಿಂಗಳು ಚಿಲ್ಲರೆ ಇಲ್ಲ ಅನ್ನುತ್ತಾರೆ. ಒಬ್ಬೊಬ್ಬರ ಹತ್ತಿರ ಜಗಳವಾಡಲು ಅವರಿಗೆ ಹೊತ್ತೂ ಇಲ್ಲ, ಬಲವೂ ಇಲ್ಲ. ನಮ್ಮ ಪೋಸ್ಟರುಗಳು, ಸಭೆಗಳು, ಮಕ್ಕಳ ಚಿತ್ರಕಲಾ ಸ್ಪರ್ಧೆ ಇವೆಲ್ಲ ಈ ಗಂಟಿನ ಸುತ್ತ ಸುತ್ತುತ್ತಿದ್ದವು, ಇದನ್ನು ಮುಟ್ಟುತ್ತಿರಲಿಲ್ಲ.

ಕಮಿಟಿ ಒಂದು ನಿರ್ಣಯ ಮಾಡಿತು. ಪ್ರತಿ ಮನೆಯ ಕಸದ ಹಣವನ್ನು ಮೆಂಟೆನೆನ್ಸಿಗೇ ಸೇರಿಸಿ, ತಿಂಗಳ ಮೊದಲ ವಾರದಲ್ಲಿ ಸೊಸೈಟಿಯೇ ಪೂರ್ತಿ ಮೊತ್ತವನ್ನು ಅಕ್ಕನ ಬ್ಯಾಂಕ್ ಖಾತೆಗೆ ಹಾಕುತ್ತದೆ. ಖಾಲಿ ಫ್ಲ್ಯಾಟ್ ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ಬೆರಕೆ ಕಸವನ್ನು ಅಕ್ಕ ಬಾಗಿಲಲ್ಲೇ ಬಿಡುತ್ತಾರೆ, ಮೇಲೆ ಮರಾಠಿ, ಕನ್ನಡ, ಹಿಂದಿ ಮೂರರಲ್ಲೂ ಬರೆದ ಒಂದು ಚೀಟಿ ಇಡುತ್ತಾರೆ. ಆ ಬಗ್ಗೆ ದೂರು ಇದ್ದರೆ ಕಮಿಟಿಗೆ ಹೇಳಬೇಕು, ಅಕ್ಕನ ಹತ್ತಿರ ವಾದ ಮಾಡಬಾರದು. ಶುರುವಿನ ವಾರಗಳಲ್ಲಿ ಬೆಳಿಗ್ಗೆ ಕಮಿಟಿಯವರು ಒಬ್ಬರು ಅವರ ಜೊತೆ ಮೆಟ್ಟಿಲು ಹತ್ತಿಳಿಯಬೇಕು.

ಗಲಾಟೆ ಆಯಿತು. ಆಗದೇ ಇರುತ್ತದಾ? ಒಬ್ಬರು ದುಡ್ಡು ಕೊಟ್ಟು ಕಸವನ್ನೂ ನಾನೇ ಆಯಬೇಕಾ ಅಂದರು. ಬಿ ವಿಂಗಿನಲ್ಲಿ ರಾತ್ರೋರಾತ್ರಿ ಮೆಟ್ಟಿಲ ಸಂದಿಯಲ್ಲಿ ಚೀಲಗಳು ಬೀಳತೊಡಗಿದವು. ವಯಸ್ಸಾದ ಅಜ್ಜಿಯೊಬ್ಬರೇ ಇರುವ ಮನೆಯ ಕಷ್ಟ ನಿಜವಾದದ್ದು, ಕಣ್ಣು ಮಂದ, ಬಗ್ಗಲು ಆಗದು. ಅವರ ಕಸವನ್ನು ಪಕ್ಕದ ಮನೆಯ ಕಾಲೇಜು ಹುಡುಗಿ ನೋಡಿಕೊಳ್ಳುತ್ತೇನೆ ಅಂತ ತಾನಾಗಿ ಬಂದಳು. ಮನೆಗೆಲಸದವರಿಗೆ ಹೇಳುವುದೂ ದೊಡ್ಡ ಕೆಲಸವಾಗಿತ್ತು, ಯಾಕೆಂದರೆ ಅಡುಗೆಮನೆಯ ಕಸ ನಿಜವಾಗಿ ಮುಟ್ಟುವವರು ಅವರು, ಸಭೆಗೆ ಕರೆಯುವುದು ಮಾತ್ರ ಮನೆಯ ಯಜಮಾನರನ್ನು. ಅವರಿಗೆ ಅಕ್ಕನೇ ಮಧ್ಯಾಹ್ನ ಗೇಟಿನ ಹತ್ತಿರ ಕೂತು ಹೇಳಿದರು. ಬ್ಲೇಡಿನಿಂದ ಆದ ತಮ್ಮ ಅಂಗೈ ಗಾಯ ತೋರಿಸಿದರಂತೆ. ಆಮೇಲೆ ಆ ಮನೆಗಳಿಂದ ಬ್ಲೇಡು ಬಂದಿದ್ದು ನಾನು ಕಾಣೆ.

ಬೇಡ ಅಂತ ಬಿಟ್ಟುಹೋದ ಚೀಲ ಬಾಗಿಲಲ್ಲಿ ಎರಡು ದಿನ ನಾತ ಹೊಡೆದರೆ ಸಾಕು, ಮೂರನೇ ದಿನಕ್ಕೆ ಬೇರೆ ಮಾಡಿದ ಬಕೆಟ್ಟು ಬರುತ್ತದೆ. ಜನ ಕೆಟ್ಟವರು ಅಂತಲ್ಲ, ಬೆರಕೆ ಕೊಟ್ಟರೂ ತೆಗೆದುಕೊಂಡು ಹೋಗುತ್ತಾರೆ ಅಂದಮೇಲೆ ಬೇರೆ ಮಾಡುವ ಕಷ್ಟ ಯಾರಿಗೆ ಬೇಕು?

ಇದರಿಂದ ಅಕ್ಕನಿಗೆ ಇನ್ನೊಂದು ಲಾಭ ಆಯಿತು. ಒಣ ಕಸ ನಿಜವಾಗಿ ಒಣದಾಗಿ ಬರತೊಡಗಿತು. ಒದ್ದೆ ರಟ್ಟಿಗೆ ಗುಜರಿಯವರು ತೂಕ ಕಡಿಯುತ್ತಾರೆ, ಒಣ ರಟ್ಟಿಗೆ ಪೂರ್ತಿ ದರ ಸಿಗುತ್ತದೆ. ಸ್ಯಾನಿಟರಿ ಪ್ಯಾಡು, ಡೈಪರುಗಳನ್ನು ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕಿ ಹಾಕಿ ಕೊಡಿ ಅಂತ ಪುಣೆಯ ಕಸ ಆಯುವವರು ಮೊದಲಿಂದ ಕೇಳುತ್ತಿದ್ದಾರೆ. ನಮ್ಮಲ್ಲಿ ಅದು ಪಾಲನೆಗೆ ಬಂದದ್ದೂ ಈ ನಿರ್ಣಯದ ಬೆನ್ನಲ್ಲೇ.

ಎಲೆ ಇಲ್ಲದಿದ್ದರೆ ಗೊಬ್ಬರ ಇಲ್ಲ

ತೊಟ್ಟಿಯ ವಿಷಯದಲ್ಲಿ ಒಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೇಳುವವರೆಲ್ಲ ಮೊದಲು ಕೇಳುವುದು "ವಾಸನೆ ಬರಲ್ವಾ?" ಅಂತ.

ಬರಿ ಹಸಿ ಕಸ ತುಂಬಿದರೆ ಬಂದೇ ಬರುತ್ತದೆ. ಸಿಪ್ಪೆ, ಅನ್ನ, ಚಹಾ ಚರಟ ಇವುಗಳಲ್ಲಿ ನೀರೂ ಸಾರಜನಕವೂ ಜಾಸ್ತಿ. ಇಂಗಾಲ ಬೇಕು, ಅದು ಒಣ ಎಲೆಯಲ್ಲಿ, ಮರದ ಹೊಟ್ಟಿನಲ್ಲಿ, ತೆಂಗಿನ ನಾರಿನ ಪುಡಿಯಲ್ಲಿ ಇದೆ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇರಬೇಕು, ನೂರಕ್ಕೆ 50ರಿಂದ 60 ಪಾಲು ತೇವ ಇರಬೇಕು. ಇದನ್ನು ಅಳೆಯಲು ಮೀಟರ್ ಬೇಡ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ನೀರು ಸುರಿದರೆ ಎಲೆ ಹಾಕಿ. ಹಿಡಿ ಬಿಟ್ಟ ಕೂಡಲೇ ಉದುರಿದರೆ ನೀರು ಚಿಮುಕಿಸಿ. ನಾದಿನಿ ರಾಶಿಯ ನಡುವೆ ಒಂದು ಕಬ್ಬಿಣದ ಸರಳು ಚುಚ್ಚಿಟ್ಟಿರುತ್ತಾರೆ. ಬೆಳಿಗ್ಗೆ ಅದನ್ನು ಎಳೆದು ತುದಿ ಮುಟ್ಟುತ್ತಾರೆ. ಕೈ ತಾಳದಷ್ಟು ಬಿಸಿ ಇದ್ದರೆ ಒಳಗೆ ಕೆಲಸ ನಡೆಯುತ್ತಿದೆ. ಚೆನ್ನಾಗಿ ನಡೆಯುವ ರಾಶಿ 55 ಡಿಗ್ರಿ ದಾಟುತ್ತದೆ, ರೋಗಾಣುಗಳೂ ಕಳೆಯ ಬೀಜಗಳೂ ಆ ಬಿಸಿಯಲ್ಲಿ ಸಾಯುತ್ತವೆ. ಸರಳು ತಣ್ಣಗೆ ಬಂದರೆ ರಾಶಿ ತಿರುವಿ ಗಾಳಿ ಕೊಡಬೇಕು. ಹುಳ ಕಂಡರೆ ಜನ ಹೆದರುತ್ತಾರೆ. ಕಪ್ಪು ಸೈನಿಕ ನೊಣದ ಮರಿಗಳು ಅವು, ಕಸವನ್ನೇ ತಿನ್ನುತ್ತವೆ, ಯಾರಿಗೂ ತೊಂದರೆ ಇಲ್ಲ. ತೀರಾ ಜಾಸ್ತಿ ಆದರೆ ತೇವ ಹೆಚ್ಚಿದೆ, ಎಲೆ ಸಾಲದು ಅಂತ ಅರ್ಥ.

ಈಗ ಎಲೆ ಎಲ್ಲಿಂದ? ಕೊಥ್ರೂಡಿನ ರಸ್ತೆಗಳಲ್ಲಿ ಮಳೆಮರಗಳು, ಗುಲ್‌ಮೊಹರ್ ಬೇಕಾದಷ್ಟು. ಫೆಬ್ರವರಿಯಿಂದ ಏಪ್ರಿಲ್ ತನಕ ಗುಡಿಸಿ ಗುಡಿಸಿ ಸಾಕಾಗುವಷ್ಟು ಎಲೆ ಬೀಳುತ್ತದೆ. ಅದಕ್ಕೆ ಬೆಂಕಿ ಹಚ್ಚುವವರು ಇನ್ನೂ ಇದ್ದಾರೆ. ಕಸ ಬಯಲಲ್ಲಿ ಸುಡುವುದು ನಿಯಮದ ಪ್ರಕಾರ ತಪ್ಪು, ಆ ಹೊಗೆಗೆ ಮಕ್ಕಳು ಕೆಮ್ಮುತ್ತವೆ, ಅದಿರಲಿ, ಜೂನ್ ಬಂದ ಮೇಲೆ ಒಂದು ಚೀಲ ಒಣ ಎಲೆಗಾಗಿ ನಾವು ಊರೆಲ್ಲ ಹುಡುಕಬೇಕಾಗುತ್ತದೆ. ಹಾಗಾಗಿ ತಂತಿ ಬಲೆಯ ದೊಡ್ಡ ಪಂಜರ ಕಟ್ಟಿಸಿ ಬೇಸಿಗೆಯ ಎಲೆಯನ್ನೆಲ್ಲ ಅದರಲ್ಲಿ ತುಂಬಿಡುತ್ತೇವೆ. ಪಕ್ಕದ ಬಂಗಲೆಗಳವರು ಎಲೆ ಚೀಲ ಕಟ್ಟಿ ನಮ್ಮ ಗೇಟಿಗೆ ತಂದಿಡುತ್ತಾರೆ. ಮನೆಗಳು ಹೆಚ್ಚಾದಂತೆ ತೊಟ್ಟಿ ಬೇಕಾದರೆ ಕಟ್ಟಬಹುದು, ಎಲೆ ಕಟ್ಟಲು ಬರುವುದಿಲ್ಲ. ಎಷ್ಟು ಮನೆಗೆ ವಿಸ್ತರಿಸಬಹುದು ಅನ್ನುವುದನ್ನು ನಾವು ಈಗ ಎಲೆಯ ಪಂಜರ ನೋಡಿ ತೀರ್ಮಾನ ಮಾಡುತ್ತೇವೆ.

ಗಣಪತಿ ಹಬ್ಬದಲ್ಲಿ ಎಲ್ಲ ಲೆಕ್ಕ ತಪ್ಪುತ್ತದೆ. ಹೂವು, ಗರಿಕೆ, ಬಾಳೆಕಂದು, ಮೋದಕದ ದಿನ ತೆಂಗಿನ ಚಿಪ್ಪು, ಗೌರಿ ಊಟದ ಬಾಳೆಎಲೆ. ಅದೂ ಮಳೆಗಾಲ. ಮುಠಾ ನದಿಯ ಘಾಟುಗಳಲ್ಲಿ ವಿಸರ್ಜನೆಯ ಹೊತ್ತಿಗೆ ನಿರ್ಮಾಲ್ಯ ನದಿಗೆ ಬೀಳದ ಹಾಗೆ ಕಸ ಆಯುವ ಹೆಣ್ಣುಮಕ್ಕಳೇ ನಿಂತು ಇಸಿದುಕೊಳ್ಳುತ್ತಾರೆ. ನಮ್ಮ ಸೊಸೈಟಿಯ ನಿರ್ಮಾಲ್ಯವನ್ನು ಘಾಟಿಗೆ ಒಯ್ಯದೆ ಇಲ್ಲೇ ಕೊಡಿ ಅಂದೆವು. ದೇವರ ಹೂವನ್ನು ಕಸದ ತೊಟ್ಟಿಗೆ ಹಾಕುವುದಾ ಅಂತ ಹಿರಿಯರಿಗೆ ಬೇಸರ ಇತ್ತು. ನಿರ್ಮಾಲ್ಯಕ್ಕೆ ಬೇರೆಯೇ ಒಂದು ತೊಟ್ಟಿ ಇಟ್ಟೆವು, ಆ ಗೊಬ್ಬರ ತುಳಸಿ, ದಾಸವಾಳಕ್ಕೆ ಮಾತ್ರ. ಹೂವಿನ ಹಾರದ ದಾರ ಬಿಚ್ಚಿ ಕೊಡುವುದು ಮಾತ್ರ ಇನ್ನೂ ರೂಢಿಯಾಗಿಲ್ಲ. ನೈಲಾನ್ ದಾರವಾದರೆ ಅದು ಕೊಳೆಯುವುದೂ ಇಲ್ಲ, ಕೋಲಿಗೆ ಸುತ್ತಿಕೊಂಡು ಜೀವ ತಿನ್ನುತ್ತದೆ.

ಪಕ್ಕದವರನ್ನು ಸೇರಿಸಿಕೊಂಡದ್ದು

ನಮ್ಮ ಗೋಡೆಗೆ ತಾಗಿದ ಎರಡು ಹಳೆಯ ಕಟ್ಟಡಗಳಿಗೆ ಅಂಗಳವೇ ಇಲ್ಲ. ಅಂಥ ಕಟ್ಟಡಗಳಿಗೆ ಆವರಣದಲ್ಲೇ ಗೊಬ್ಬರ ಮಾಡಿ ಅಂದರೆ ಎಲ್ಲಿ ಮಾಡುತ್ತಾರೆ? ಅವರ ಕಸವನ್ನೂ ಅಕ್ಕನೇ ಎತ್ತುತ್ತಿದ್ದರು. ನಮ್ಮ ತೊಟ್ಟಿಯಲ್ಲಿ ಜಾಗ ಇದೆ, ಅವರದೂ ಇಲ್ಲೇ ಹಾಕೋಣ ಅಂತ ಸೂಚಿಸಿದವರೂ ಅಕ್ಕನೇ, ಯಾಕೆಂದರೆ ಅದನ್ನು ಹೊತ್ತು ಪಾಲಿಕೆಯ ಗಾಡಿ ನಿಲ್ಲುವ ತನಕ ತಳ್ಳುವುದು ಅವರಿಗೆ ತಪ್ಪುತ್ತಿತ್ತು. ನಮ್ಮ ಸಭೆಯಲ್ಲಿ ಬೇರೆಯವರ ಕಸ ನಮ್ಮ ಕಾಂಪೌಂಡಿಗೆ ಯಾಕೆ ಅನ್ನುವ ಮಾತು ಬಂತು. ಆಗ ಫುರಸುಂಗಿಯ ಮಾತು ಎತ್ತಿದೆ. ಮೂವತ್ತು ವರ್ಷ ನಮ್ಮ ಕಸವನ್ನು ಬೇರೆಯವರ ಊರಿಗೆ ಕಳಿಸಿದವರು ನಾವು, ಗೋಡೆಯಾಚೆಯ ಸೌತೆಕಾಯಿ ಸಿಪ್ಪೆಗೆ ಬೇಡ ಅನ್ನಬಾರದು ಅಂದೆ. ಒಪ್ಪಿಗೆ ಸಿಕ್ಕಿತು. ಅವರು ಕಸದ ಹಣದ ಜೊತೆ ತೊಟ್ಟಿಯ ಕೆಲಸದ ಪಾಲನ್ನೂ ಕೊಡಬೇಕು, ಬೆರಕೆ ಕಸದ ನಿಯಮ ಅವರಿಗೂ ಅದೇ.

ಅಲ್ಲಿ ಕಾಲೇಜು ಹುಡುಗರು ಬಾಡಿಗೆಗೆ ಇರುವ ಮನೆಗಳು ಜಾಸ್ತಿ. ಆರ್ಡರ್ ಮಾಡಿ ತಿಂದ ಊಟದ ಡಬ್ಬಿಗಳಲ್ಲಿ ಅರ್ಧ ಬಿರಿಯಾನಿ ಹಾಗೇ. ಪ್ರತಿ ಜೂನಿಗೆ ಹೊಸ ಹುಡುಗರು, ಪ್ರತಿ ಜೂನಿಗೆ ಮೊದಲಿಂದ ಪಾಠ. ಬೀಗದ ಕೈ ಕೊಡುವಾಗಲೇ ಎರಡು ಬಕೆಟ್ಟು ಕೊಡಿ ಅಂತ ಮನೆ ಮಾಲೀಕರಿಗೆ ಹೇಳಿದ್ದೇವೆ. ಕೆಲವರು ಕೊಡುತ್ತಾರೆ.

ರಸ್ತೆಯ ಮೂಲೆಯ ಉಡುಪಿ ಹೋಟೆಲಿನವರು ತಮ್ಮದನ್ನೂ ತೆಗೆದುಕೊಳ್ಳಿ ಅಂತ ಕೇಳಿದರು. ಅಡುಗೆಗೆ ಮುಂಚಿನ ಕಸ, ಅಂದರೆ ಕೋಸಿನ ಎಲೆ, ನುಗ್ಗೆ ತುದಿ, ಬೂದುಗುಂಬಳದ ಸಿಪ್ಪೆ, ಅದಕ್ಕೆ ಹೂಂ ಅಂದೆವು. ತಟ್ಟೆಯಲ್ಲಿ ಉಳಿದ ಸಾಂಬಾರು, ಎಣ್ಣೆ ಪದಾರ್ಥಕ್ಕೆ ಇಲ್ಲ ಅಂದೆವು. ಎಣ್ಣೆ, ಉಪ್ಪು ಜಾಸ್ತಿಯಾದರೆ ರಾಶಿ ಗಾಳಿಯಾಡದೆ ಹುಳಿಯುತ್ತದೆ, ಇಲಿ ಬರುತ್ತದೆ. ಹೋಟೆಲುಗಳ ಉಳಿಕೆ ಊಟ ಒಯ್ಯಲು ಪಾಲಿಕೆಯ ಬೇರೆ ಗಾಡಿ ಇದೆ, ಅದು ಬಯೋಗ್ಯಾಸಿಗೆ ಹೋಗುತ್ತದೆ, ಅದೇ ಅದಕ್ಕೆ ಸರಿಯಾದ ಜಾಗ. ಎಲ್ಲ ಹಸಿ ಕಸವನ್ನೂ ಒಂದೇ ತೊಟ್ಟಿಯಲ್ಲಿ ಮುಗಿಸುತ್ತೇವೆ ಅಂತ ಹೊರಟಿದ್ದರೆ ನಮ್ಮ ಪ್ರಯೋಗ ಆ ತಿಂಗಳೇ ನಿಲ್ಲುತ್ತಿತ್ತು.

ದುಡ್ಡು, ಗೊಬ್ಬರ, ಉಳಿದ ತೊಡಕು

ಗೊಬ್ಬರ ಮಾರಿ ಖರ್ಚು ಹುಟ್ಟುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಸಿ ಕಸ ಕಳಿತು ಗೊಬ್ಬರವಾಗುವಾಗ ತೂಕದಲ್ಲಿ ಐದಾರರಲ್ಲಿ ಒಂದು ಪಾಲು ಉಳಿಯುತ್ತದೆ. ನಮ್ಮ ತೋಟಕ್ಕೆ, ಬಾಲ್ಕನಿ ಕುಂಡಗಳಿಗೆ, ಎಲೆ ಕೊಟ್ಟ ಬಂಗಲೆಗಳಿಗೆ ಹಂಚಿ ಮಿಕ್ಕಿದ್ದನ್ನು ಮುಳಶಿ ಕಡೆಯ ಪರಿಚಯದ ರೈತರೊಬ್ಬರು ತಮ್ಮದೇ ಟೆಂಪೊ ತಂದು ಒಯ್ಯುತ್ತಾರೆ. ಪಾಲಿಕೆಯವರು ಎರೆಗೊಬ್ಬರ, ಸೋಲಾರ್, ಮಳೆನೀರು ಕೊಯ್ಲು ಇವುಗಳಲ್ಲಿ ಒಂದಿದ್ದರೆ ಆಸ್ತಿ ತೆರಿಗೆಯಲ್ಲಿ ಶೇ 5, ಎರಡೋ ಮೂರೋ ಇದ್ದರೆ ಶೇ 10 ರಿಯಾಯಿತಿ ಕೊಡುತ್ತಾರೆ. ಸೊಸೈಟಿಯವರನ್ನು ಒಪ್ಪಿಸಲು ಅದು ಬಹಳ ಉಪಯೋಗಕ್ಕೆ ಬಂತು. ಆದರೂ ಮೆಂಟೆನೆನ್ಸ್ ಸ್ವಲ್ಪ ಏರಿದೆ. ಏರಲೇಬೇಕು. ಇಷ್ಟು ವರ್ಷ ಕಸ ಅಗ್ಗವಾಗಿ ಕಂಡದ್ದು ಯಾಕೆಂದರೆ ಅದರ ಬೆಲೆ ಫುರಸುಂಗಿಯವರು ತೆರುತ್ತಿದ್ದರು.

ಎಳನೀರು ಬುರುಡೆ, ಮಾವಿನ ಓಟೆ ನಮ್ಮ ತೊಟ್ಟಿಯಲ್ಲಿ ಕರಗುವುದಿಲ್ಲ, ಅವನ್ನು ಬೇರೆ ಇಟ್ಟು ಪಾಲಿಕೆಯ ಗಾಡಿಗೆ ಕೊಡುತ್ತೇವೆ. ಮಳೆ ಜೋರಾದ ವಾರಗಳಲ್ಲಿ ರಾಶಿ ತಣ್ಣಗಾಗಿ ಹಿಂದೆ ಬೀಳುತ್ತದೆ. ಎ ವಿಂಗಿನಲ್ಲಿ ಎರಡು ಮೂರು ಮನೆಗಳವರು ಇವತ್ತಿಗೂ ಬೆರಕೆ ಚೀಲವನ್ನು ಕಾರಿನಲ್ಲಿ ಒಯ್ದು ಎಲ್ಲೋ ಎಸೆದು ಬರುತ್ತಾರೆ. ಅವರನ್ನು ಹೇಗೆ ಒಪ್ಪಿಸುವುದು ಅನ್ನುವ ದಾರಿ ನಮಗಿನ್ನೂ ಸಿಕ್ಕಿಲ್ಲ.

ಈಗ ಹಿಂದಿನ ಬೀದಿಯ ಇನ್ನೊಂದು ಕಟ್ಟಡದವರು ಸೇರಿಕೊಳ್ಳುತ್ತೇವೆ ಅಂತ ಕೇಳಿದ್ದಾರೆ. ಅಕ್ಕ ಮೂರು ಷರತ್ತು ಹೇಳಿದ್ದಾರೆ. ತೊಟ್ಟಿಗೆ ಇನ್ನೊಬ್ಬರು ಪೂರ್ತಿ ಸಂಬಳಕ್ಕೆ ಬೇಕು. ಮಳೆಗೆ ಮುಂಚೆ ಎಲೆಯ ಪಂಜರಕ್ಕೆ ತಗಡಿನ ಮಾಡು ಬೇಕು. ಇಬ್ಬರಿಗೂ ವಾರಕ್ಕೊಂದು ರಜೆ ಬೇಕು, ಅದೂ ಭಾನುವಾರ. ಮೊದಲ ಎರಡಕ್ಕೆ ಕಮಿಟಿ ಒಪ್ಪಿದೆ, ತಗಡಿನವರು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಭಾನುವಾರದ ರಜೆಗೆ ತಕರಾರು ಇದೆ, ಭಾನುವಾರವೇ ಮನೆಯಲ್ಲಿ ಅಡುಗೆ ಜಾಸ್ತಿ, ಕಸ ಜಾಸ್ತಿ ಅಂತ. ಬಕೆಟ್ಟಿನ ತಳಕ್ಕೆ ಹಳೆಯ ಪೇಪರ್ ಹಾಸಿ, ಮುಚ್ಚಳ ಮುಚ್ಚಿಟ್ಟರೆ ಒಂದು ದಿನಕ್ಕೆ ಹಸಿ ಕಸಕ್ಕೆ ಏನೂ ಆಗುವುದಿಲ್ಲ, ನಮ್ಮ ಮನೆಯಲ್ಲಿ ಇಟ್ಟು ನೋಡಿದ್ದೇನೆ. ಮುಂದಿನ ಸಭೆಯಲ್ಲಿ ಮೊದಲ ವಿಷಯವಾಗಿ ಇದನ್ನೇ ಇಟ್ಟಿದ್ದೇವೆ, ರಜೆಯ ಪರವಾಗಿ ಮಾತಾಡಲು ಸಿ ವಿಂಗಿನ ಆರು ಮನೆಯವರು ಈಗಾಗಲೇ ಒಪ್ಪಿದ್ದಾರೆ.